ಮಕ್ಕಳ ಪಂದ್ಯದಲ್ಲಿ ಸೀಟಿ ಎಷ್ಟು ಬಿಗಿಯಾಗಿರಬೇಕು?

ಸೀಟಿ ಹಿಡಿದವಳು

ಹತ್ತು ವರ್ಷದೊಳಗಿನ ಮಕ್ಕಳ ಫುಟ್‌ಬಾಲ್ ಪಂದ್ಯ, ತಂಡಕ್ಕೆ ಏಳು ಮಂದಿ. ಮುಗಿಯಲು ಕೆಲವೇ ನಿಮಿಷ ಬಾಕಿ ಇತ್ತು, ಎರಡೂ ತಂಡ ಸಮಬಲ. ಪಕ್ಕದ ಗೆರೆ ದಾಟಿ ಹೊರಹೋದ ಚೆಂಡನ್ನು ಕೈಯಿಂದ ಒಳಗೆ ಎಸೆಯಲು, ಅಂದರೆ ಥ್ರೋ-ಇನ್‌ಗೆ, ಹಸಿರು ಅಂಗಿಯ ಹುಡುಗನೊಬ್ಬ ಬಂದ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಹಿಂದಕ್ಕೆ ಒಯ್ದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಎಸೆಯುವ ಹೊತ್ತಿಗೆ ಹಿಂದಿನ ಕಾಲು ಪೂರ್ತಿ ನೆಲ ಬಿಟ್ಟಿತು. ಮೊದಲರ್ಧದಲ್ಲೂ ಅವನು ಹೀಗೆಯೇ ಮಾಡಿದ್ದ, ನಾನು ತಿಳಿಸಿ ಹೇಳಿದ್ದೆ. ಈ ಸಲ ಸೀಟಿ ಊದಿ ಥ್ರೋ-ಇನ್ ಅನ್ನು ಎದುರು ತಂಡಕ್ಕೆ ಕೊಟ್ಟೆ. ಅವರು ಬೇಗನೆ ಎಸೆದರು, ಮೂರು ಪಾಸ್‌ಗಳಲ್ಲಿ ಗೋಲಾಯಿತು. ಹುಡುಗ ಗೆರೆಯ ಮೇಲೆಯೇ ಕುಳಿತುಬಿಟ್ಟ. ಅವನ ಕೋಚ್ ನನ್ನತ್ತ ಬಂದು, "ಇದೇನು ವಿಶ್ವಕಪ್ ಫೈನಲ್ಲೇ ಮೇಡಂ?" ಎಂದರು. ಎದುರು ತಂಡದ ಕೋಚ್ ಪಂದ್ಯ ಮುಗಿದ ಮೇಲೆ ಕೈಕುಲುಕಿ, "ಸರಿಯಾದ ತೀರ್ಪು" ಎಂದರು.

ತೀರ್ಪಿನ ಬಗ್ಗೆ ನನಗೆ ಅನುಮಾನವಿಲ್ಲ. ಫುಟ್‌ಬಾಲ್ ನಿಯಮ ಪುಸ್ತಕದ 15ನೇ ನಿಯಮ ಸ್ಪಷ್ಟವಾಗಿದೆ. ಎಸೆಯುವವರು ಮೈದಾನದ ಕಡೆ ಮುಖ ಮಾಡಿರಬೇಕು, ಎರಡೂ ಪಾದಗಳ ಒಂದಿಷ್ಟು ಭಾಗವಾದರೂ ಪಕ್ಕದ ಗೆರೆಯ ಮೇಲೋ ಹೊರಗಿನ ನೆಲದ ಮೇಲೋ ಊರಿರಬೇಕು, ಚೆಂಡು ತಲೆಯ ಹಿಂದಿನಿಂದ ತಲೆಯ ಮೇಲೆ ಹಾದು ಎರಡೂ ಕೈಗಳಿಂದ ಹೊರಡಬೇಕು. ತಪ್ಪಿದರೆ ಥ್ರೋ-ಇನ್ ಎದುರಾಳಿಗಳ ಪಾಲು.

ನನ್ನನ್ನು ಕಾಡುತ್ತಿರುವುದು ಬೇರೆ ಪ್ರಶ್ನೆ. ಕಾಲೆತ್ತಿದ್ದರಿಂದ ಆ ಹುಡುಗನಿಗೆ ಎಳ್ಳಷ್ಟೂ ಲಾಭವಾಗಿರಲಿಲ್ಲ. ಇಂಥಲ್ಲಿಯೂ ನಿಯಮವನ್ನು ಅಕ್ಷರಶಃ ಹಿಡಿಯಬೇಕೇ? ಬೇಡ ಎಂದಾದರೆ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು? "ಪರಿಸ್ಥಿತಿ ನೋಡಿಕೊಂಡು" ಎಂಬ ಉತ್ತರವನ್ನು ದಯವಿಟ್ಟು ಕೊಡಬೇಡಿ. ಪರಿಸ್ಥಿತಿಯಲ್ಲಿ ನೋಡಬೇಕಾದದ್ದು ಏನು ಎಂಬುದೇ ನನ್ನ ಪ್ರಶ್ನೆ.

ಗೆರೆ ಕಾಯುವವ

ಮೇಡಂ, ಕಡ್ಡಿ ಮುರಿದಂತೆ ಹೇಳುತ್ತೇನೆ. ನೀವು ಮಾಡಿದ್ದು ಸರಿ, ಮುಂದೆಯೂ ಹಾಗೆಯೇ ಮಾಡಿ.

ಬಹಳ ವರ್ಷ ಬಾವುಟ ಹಿಡಿದು ಗೆರೆಯುದ್ದಕ್ಕೂ ಓಡಿದವನು ನಾನು, ಸೀಟಿಯನ್ನೂ ಹಿಡಿದಿದ್ದೇನೆ. ಮಕ್ಕಳಿಗೆ ಕಠಿಣ ತೀರ್ಪಿನಿಂದ ಆಗುವ ನೋವು ಸಂಜೆಯೊಳಗೆ ಮರೆತುಹೋಗುತ್ತದೆ. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಎಂಬ ತೀರ್ಪು ಮರೆಯುವುದಿಲ್ಲ. ಈ ವಾರ ನೀವು ಬಿಟ್ಟಿರಿ ಎಂದುಕೊಳ್ಳೋಣ. ಮುಂದಿನ ವಾರ ನನ್ನಂಥವನು ಬಂದು ಅದೇ ತಪ್ಪಿಗೆ ಸೀಟಿ ಊದುತ್ತಾನೆ. ಆಗ ಆ ಹುಡುಗನಿಗೆ ನಿಯಮ ಎಂದರೆ ರೆಫರಿಯ ಮನಸ್ಸಿಗೆ ತೋಚಿದ್ದು ಎಂದೇ ಅನಿಸುತ್ತದೆ. ಹದಿನಾರನೇ ವಯಸ್ಸಿನಲ್ಲಿ ಪ್ರತಿ ತೀರ್ಪಿಗೂ ವಾದಕ್ಕೆ ಬರುವ ಆಟಗಾರರು ಹುಟ್ಟುವುದು ಹೀಗೆಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಇನ್ನೊಂದು ಮಾತು. ರೆಫರಿ ಕೋಚ್ ಅಲ್ಲ. ಎಸೆಯುವುದನ್ನು ಕಲಿಸಬೇಕಾದದ್ದು ಅಭ್ಯಾಸದ ದಿನ. ಮಗುವಿಗೆ ಅದನ್ನು ಕಲಿಸದೆ ಕಳುಹಿಸಿದ ಕೋಚ್ ನಿಮ್ಮ ಮೇಲೆ ಕೂಗಾಡಿದ್ದಾರಲ್ಲ, ನನಗೆ ಅದು ಹೆಚ್ಚು ಬೇಸರ ತಂದಿತು.

ಚಿಣ್ಣರ ಕೋಚ್

ಸರ್, ನಿಮ್ಮ ಅನುಭವಕ್ಕೆ ಗೌರವವಿದೆ. ಆದರೆ ಒಂಬತ್ತು ವರ್ಷದ ಮಗುವಿನ ಮೈಯನ್ನು ಹತ್ತಿರದಿಂದ ನೋಡಿದವನಾಗಿ ಒಪ್ಪಲಾರೆ. ಆ ವಯಸ್ಸಿನಲ್ಲಿ ತೋಳಿಗೆ ಬಲ ಸಾಲದು. ಚೆಂಡನ್ನು ದೂರ ಕಳುಹಿಸಲು ಇಡೀ ಮೈಯನ್ನು ಮುಂದಕ್ಕೆ ತೂಗುತ್ತಾರೆ, ಆಗ ಹಿಂದಿನ ಕಾಲು ತಾನಾಗಿಯೇ ಮೇಲೇಳುತ್ತದೆ. ಅಭ್ಯಾಸದಲ್ಲಿ ನೂರು ಸಲ ಸರಿಯಾಗಿ ಎಸೆದ ಮಗು ಪಂದ್ಯದ ಗಡಿಬಿಡಿಯಲ್ಲಿ ಕಾಲೆತ್ತುತ್ತದೆ. ಇದು ಅಶಿಸ್ತಲ್ಲ.

ನಿಯಮ ಪುಸ್ತಕವೇ ಮಕ್ಕಳನ್ನು ಬೇರೆಯಾಗಿ ನೋಡುತ್ತದೆ. ಕಿರಿಯರು, ಹಿರಿಯರು, ಅಂಗವಿಕಲರು ಮತ್ತು ತಳಮಟ್ಟದ ಫುಟ್‌ಬಾಲ್‌ಗಾಗಿ ಮೈದಾನದ ಅಳತೆ, ಚೆಂಡಿನ ಗಾತ್ರ ಮತ್ತು ತೂಕ, ಗೋಲುಗಂಬಗಳ ಅಳತೆ, ಆಟದ ಅವಧಿ, ಹೊರಹೋದವರು ಮತ್ತೆ ಬದಲಿಯಾಗಿ ಬರುವ ಅವಕಾಶ, ಹಳದಿ ಕಾರ್ಡಿಗೆ ತಾತ್ಕಾಲಿಕವಾಗಿ ಹೊರಗೆ ಕೂರಿಸುವುದು, ಇವನ್ನೆಲ್ಲ ಆಯಾ ದೇಶದ ಸಂಸ್ಥೆ ಬದಲಿಸಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ ಐದು ಮತ್ತು ಏಳು ಮಂದಿಯ ಚಿಕ್ಕ ಮಕ್ಕಳ ಆಟಕ್ಕೆ ಆಫ್‌ಸೈಡೇ (ಚೆಂಡಿಗಿಂತ ಮುಂದೆ, ಎದುರಾಳಿಗಳ ಗೋಲಿನ ಬಳಿ ಕಾದು ನಿಲ್ಲುವುದನ್ನು ತಡೆಯುವ ನಿಯಮ) ಇಲ್ಲ. ನಾಲ್ಕು ಗೋಲುಗಳಿಂದ ಹಿಂದೆ ಬಿದ್ದ ತಂಡಕ್ಕೆ ಒಬ್ಬ ಆಟಗಾರನನ್ನು ಹೆಚ್ಚಿಗೆ ಇಳಿಸಲು ಬಿಡುವ ಲೀಗ್‌ಗಳೂ ಅಲ್ಲಿವೆ. ಯಾರೂ ಅದನ್ನು ಆಟ ಕೆಡಿಸುವುದು ಎನ್ನುವುದಿಲ್ಲ. ಮೇಲಾಗಿ 5ನೇ ನಿಯಮ, ರೆಫರಿ ತೀರ್ಪು ಕೊಡಬೇಕಾದದ್ದು ನಿಯಮಗಳಿಗೆ ಮತ್ತು ಆಟದ ಆಶಯಕ್ಕೆ ತಕ್ಕಂತೆ ಎನ್ನುತ್ತದೆ. ಆಶಯ ಎಂಬ ಮಾತನ್ನು ಅಲ್ಲಿ ಸುಮ್ಮನೆ ಸೇರಿಸಿಲ್ಲ.

ನಾನಾಗಿದ್ದರೆ ಚೆಂಡನ್ನು ಮತ್ತೆ ಅದೇ ಹುಡುಗನ ಕೈಗೆ ಕೊಟ್ಟು, "ಕಾಲು ಊರಿಕೊಂಡು ಎಸೆ ಕಂದಾ" ಎನ್ನುತ್ತಿದ್ದೆ.

ಗೆರೆ ಕಾಯುವವ

ನೀವು ಹೇಳಿದ ಪಟ್ಟಿಯಲ್ಲಿ ಥ್ರೋ-ಇನ್ ಇಲ್ಲ, ಗಮನಿಸಿ. ಬದಲಿಸುವ ಅಧಿಕಾರ ಇರುವುದು ಸಂಸ್ಥೆಗೆ. ಆಟದ ನಡುವೆ ಸೀಟಿ ಹಿಡಿದು ನಿಂತ ಒಬ್ಬ ವ್ಯಕ್ತಿಗೆ ಅಲ್ಲ. ಆಫ್‌ಸೈಡ್ ಬೇಡ ಎಂದು ಸಂಸ್ಥೆ ಮೊದಲೇ ತೀರ್ಮಾನಿಸಿದರೆ ಅದು ಎರಡೂ ತಂಡಕ್ಕೆ ಗೊತ್ತಿರುತ್ತದೆ. ನೀವು ಹೇಳುತ್ತಿರುವ ದಯೆ ಯಾವಾಗ ಬರುತ್ತದೆ, ಯಾರಿಗೆ ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಎದುರು ತಂಡದ ಅಮ್ಮ

ನನಗೆ ನಿಯಮಗಳ ಸಂಖ್ಯೆ ಗೊತ್ತಿಲ್ಲ. ನನ್ನ ಮಗಳು ಇದೇ ವಯಸ್ಸಿನವಳು, ತಂಡದಲ್ಲಿ ರಕ್ಷಣೆಗೆ ನಿಲ್ಲುತ್ತಾಳೆ. ಇಲ್ಲಿ ಎಲ್ಲರೂ ಥ್ರೋ-ಇನ್ ಎಸೆದ ಹುಡುಗನನ್ನೇ ನೋಡುತ್ತಿದ್ದೀರಿ. ಎದುರಿಗೆ ಇನ್ನೂ ಏಳು ಮಕ್ಕಳು ನಿಂತಿದ್ದರು. ಅವರಲ್ಲಿ ಒಬ್ಬಳು ಹಿಂದಿನ ವಾರ ಇದೇ ತಪ್ಪಿಗೆ ಚೆಂಡು ಕಳೆದುಕೊಂಡು, ಮನೆಯಲ್ಲಿ ಗೋಡೆಯ ಮುಂದೆ ನಿಂತು ದಿನವೂ ಎಸೆದು ಅಭ್ಯಾಸ ಮಾಡಿರಬಹುದು. ಹಾಗೆ ಮಾಡಿದ ಮಗು ನಮ್ಮ ಮನೆಯಲ್ಲಿಯೇ ಇದೆ.

ಒಬ್ಬರಿಗೆ ಕರುಣೆ ತೋರಿಸುವಾಗ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದೂ ರೆಫರಿಗಳು ನೋಡಬೇಕು. ಬಹಳ ಸಲ ಆ ಬೆಲೆ ತೆರುವುದು ಸುಮ್ಮನೆ ನಿಂತ, ಅಳದ, ಗಲಾಟೆ ಮಾಡದ ಮಗು.

ಸೀಟಿ ಹಿಡಿದವಳು

ಅಮ್ಮನವರೇ, ನನ್ನ ಪ್ರಶ್ನೆಗೆ ಹತ್ತಿರದ ಉತ್ತರ ನಿಮ್ಮಿಂದ ಬಂದಿದೆ. ಬೆಲೆ ತೆರುವವರು ಯಾರು ಎಂಬುದನ್ನೇ ಅಳತೆಗೋಲಾಗಿ ಹಿಡಿದು ನೋಡಿದರೆ ಹಲವು ತೀರ್ಪುಗಳು ತಾವಾಗಿಯೇ ಬೇರ್ಪಡುತ್ತವೆ.

ಫೌಲ್‌ಗಳನ್ನು ತೆಗೆದುಕೊಳ್ಳಿ. ಎದುರಾಳಿಯಿಂದ ಚೆಂಡು ಕಸಿಯಲು ಕಾಲು ಹಾಕುವ ಟ್ಯಾಕಲ್ ಅನ್ನು 12ನೇ ನಿಯಮ ಮೂರು ಬಗೆಯಾಗಿ ತೂಗುತ್ತದೆ. ಗಮನ ತಪ್ಪಿ ಮಾಡಿದ್ದಾದರೆ ಫ್ರೀ ಕಿಕ್ ಸಾಕು, ಕಾರ್ಡ್ ಬೇಡ. ಎದುರಾಳಿಗೆ ಆಗುವ ಅಪಾಯವನ್ನು ಲೆಕ್ಕಿಸದೆ ದುಡುಕಿದ್ದರೆ ಹಳದಿ. ಅತಿಯಾದ ಬಲ ಹಾಕಿ ಎದುರಾಳಿಯ ಮೈಗೆ ಅಪಾಯ ತಂದರೆ ಕೆಂಪು. ಹದಿಮೂರು ವರ್ಷದ ಹುಡುಗರ ಪಂದ್ಯ ಆಡಿಸಿದವರಿಗೆ ಗೊತ್ತು, ಬೇಸಿಗೆ ರಜೆ ಕಳೆದು ಬರುವಷ್ಟರಲ್ಲಿ ಕಾಲುಗಳು ಉದ್ದವಾಗಿರುತ್ತವೆ. ಚೆಂಡು ಇರುವಲ್ಲಿಗೆ ಪಾದ ಹೋಗುತ್ತದೆ ಎಂದು ಅವನು ನಂಬಿರುತ್ತಾನೆ, ಅದು ಒಂದು ಗೇಣು ಮುಂದೆ ಹೋಗಿ ಎದುರಾಳಿಯ ಕಣಕಾಲಿಗೆ ತಾಗುತ್ತದೆ. ಫೌಲ್ ಕೊಡಲೇಬೇಕು, ಏಕೆಂದರೆ ಪೆಟ್ಟು ತಿಂದ ಮಗು ಅಲ್ಲಿ ಬಿದ್ದಿದೆ. ಆದರೆ ಅದು ಗಮನ ತಪ್ಪಿದ್ದೋ ದುಡುಕೋ ಎಂದು ತೂಗುವಾಗ ಅವನ ವಯಸ್ಸು ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕರುಣೆಗೆ ನಿಯಮದ ಒಳಗೆಯೇ ಜಾಗವಿದೆ.

ಪೆನಾಲ್ಟಿಯಲ್ಲೂ ಹಾಗೆಯೇ. ಗೋಲ್‌ಕೀಪರ್ ಮೊದಲೇ ಗೆರೆ ಬಿಟ್ಟು ಮುಂದೆ ಬಂದು ಕಿಕ್ ಮತ್ತೆ ಹೊಡೆಯಬೇಕಾಗಿ ಬಂದರೆ ಹಿಂದೆ ಹಳದಿ ಕಾರ್ಡ್ ಕಡ್ಡಾಯವಾಗಿತ್ತು. 2020ರಿಂದ ಮೊದಲ ಸಲಕ್ಕೆ ಎಚ್ಚರಿಕೆ ಮಾತ್ರ, ಮತ್ತೆ ಮಾಡಿದರೆ ಹಳದಿ. ಕಿಕ್ ಹೊಡೆದವರಿಗೆ ನಷ್ಟವಾಗುವುದಿಲ್ಲ, ಗೋಲ್‌ಕೀಪರ್‌ಗೆ ಪೆಟ್ಟೂ ಬೀಳುವುದಿಲ್ಲ.

ಹಾಗಾಗಿ ಕೋಚ್ ಸರ್ ಹೇಳಿದ ಮರು ಎಸೆತ ನನಗೆ ಇಷ್ಟವೇ, ಆದರೆ ಪಂದ್ಯದ ನಡುವೆ ಹುಟ್ಟುವ ಮರು ಎಸೆತ ಬೇಡ. ಆಟ ಶುರುವಾಗುವ ಮೊದಲೇ ಎರಡೂ ತಂಡಕ್ಕೆ ಹೇಳಿದ್ದರೆ ಯಾರೂ ಬೆಲೆ ತೆರಬೇಕಿಲ್ಲ. ಅದಿಲ್ಲದೆ ನಾನು ಆ ಹುಡುಗನಿಗೆ ಚೆಂಡು ಮರಳಿ ಕೊಟ್ಟಿದ್ದರೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಆಗುತ್ತಿತ್ತು.

ಹತ್ತನೇ ನಂಬರ್

ಜರ್ಮನಿಯಲ್ಲಿ ತೀರಾ ಚಿಕ್ಕ ಮಕ್ಕಳ ಪಂದ್ಯಗಳಿಗೆ ರೆಫರಿಯೇ ಇಲ್ಲದ ಪದ್ಧತಿ ಇದೆ. ಫೌಲೋ ಅಲ್ಲವೋ, ಥ್ರೋ-ಇನ್ ಯಾರದ್ದು ಎಂದು ಮಕ್ಕಳೇ ತೀರ್ಮಾನಿಸುತ್ತಾರೆ. ಎರಡೂ ತಂಡದ ಕೋಚ್‌ಗಳು ಒಂದೇ ಕಡೆ ನಿಂತು ಅಗತ್ಯ ಬಿದ್ದರೆ ಮಾತ್ರ ಮಾತಾಡುತ್ತಾರೆ. ಪೋಷಕರು ಗೆರೆಯಿಂದ ದೂರ ನಿಲ್ಲಬೇಕು. ಬೀದಿಯಲ್ಲಿ ಆಡುವ ಮಕ್ಕಳು ಯಾವ ರೆಫರಿಯನ್ನೂ ಕರೆಯುವುದಿಲ್ಲ, ಆಟವೂ ನಿಲ್ಲುವುದಿಲ್ಲ. ಕರುಣೆಯೋ ಶಿಸ್ತೋ ಎಂದು ನಾವು ಇಲ್ಲಿ ಜಗ್ಗಾಡುವ ಬದಲು ಮಕ್ಕಳ ಕೈಗೇ ಕೊಟ್ಟು ನೋಡಬಾರದೇಕೆ?

ಗೆರೆ ಕಾಯುವವ

ಏಳೆಂಟು ವರ್ಷದವರಿಗೆ ಸರಿ. ಹದಿನಾಲ್ಕರ ಹುಡುಗರಿಗೆ ಕೊಟ್ಟು ನೋಡಿ, ಗಟ್ಟಿ ದನಿಯವನು ಹೇಳಿದ್ದೇ ನಿಯಮವಾಗುತ್ತದೆ. ಬೀದಿಯ ಆಟದಲ್ಲೂ ಚೆಂಡು ತಂದವನ ಮಾತೇ ನಡೆಯುತ್ತಿತ್ತು. ದುರ್ಬಲನ ಪರವಾಗಿ ನಿಲ್ಲಲೆಂದೇ ರೆಫರಿ ಇರುವುದು.

ಮೇಡಂ ಬರೆದದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಆಟಗಾರರು ತೊಡುವ ಉಡುಪು, ಸಲಕರಣೆಗಳ ಕುರಿತ 4ನೇ ನಿಯಮದ ವಿಷಯದಲ್ಲಿ ಯಾರೂ ನನ್ನ ಬಳಿ ಕರುಣೆಯ ಮಾತು ತರಬೇಡಿ. ಹೊಸದಾಗಿ ಕಿವಿ ಚುಚ್ಚಿಸಿಕೊಂಡ ಹುಡುಗಿ ಬರುತ್ತಾಳೆ. ಓಲೆಯ ಮೇಲೆ ಟೇಪ್ ಅಂಟಿಸಿದ್ದೇವೆ, ಬಿಡಿ ಎನ್ನುತ್ತಾರೆ. ಆಭರಣ ಯಾವುದೂ ಕೂಡದು, ಟೇಪಿನಿಂದ ಮುಚ್ಚುವುದೂ ಕೂಡದು ಎಂದು ನಿಯಮದಲ್ಲಿಯೇ ಇದೆ. ಆ ಓಲೆ ಇನ್ನೊಬ್ಬಳ ಬೆರಳಿಗೆ ಸಿಕ್ಕಿಕೊಂಡರೆ ಕಿವಿ ಹರಿಯುತ್ತದೆ. ಮೊಣಕಾಲ ಕೆಳಗಿನ ಮೂಳೆಯನ್ನು ಕಾಯುವ ಶಿನ್ ಗಾರ್ಡ್ ಇಲ್ಲದೆ ಯಾರೂ ಒಳಗೆ ಬರುವಂತಿಲ್ಲ. ಹುಡುಗನೊಬ್ಬ ಅಳುತ್ತಾ ನಿಂತಿದ್ದಾಗಲೂ ನಾನು ಒಪ್ಪಿರಲಿಲ್ಲ. ಬೆಂಚಿನಲ್ಲಿದ್ದ ಗೆಳೆಯ ತನ್ನದನ್ನು ಬಿಚ್ಚಿ ಕೊಟ್ಟ. ಅವು ಸ್ವಲ್ಪ ದೊಡ್ಡವಾಗಿದ್ದವು. ಸಾಕ್ಸ್ ಮೇಲೆಳೆದು ನಾನೇ ಸರಿಮಾಡಿಕೊಟ್ಟು ಒಳಗೆ ಕಳುಹಿಸಿದೆ. ಆ ಗೆಳೆಯ ಬದಲಿಯಾಗಿ ಬರುವಾಗ ಗೆರೆಯ ಪಕ್ಕದಲ್ಲಿ ಇಬ್ಬರೂ ಕುಳಿತು ಮತ್ತೆ ಅದಲುಬದಲು ಮಾಡಿಕೊಂಡರು. ಆಟ ಅರ್ಧ ನಿಮಿಷ ನಿಂತಿತು, ಯಾರಿಗೂ ಏನೂ ನಷ್ಟವಾಗಲಿಲ್ಲ.

ಚಿಣ್ಣರ ಕೋಚ್

ಓಲೆ, ಶಿನ್ ಗಾರ್ಡ್ ಒಪ್ಪಿದೆ. ಆದರೆ ಅದೇ 4ನೇ ನಿಯಮದ ಹೆಸರಿನಲ್ಲಿ ಏನೇನು ನಡೆದಿದೆ ಎಂಬುದೂ ನೆನಪಿರಲಿ.

2007ರ ಫೆಬ್ರುವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾವಾಲ್ ಎಂಬಲ್ಲಿ ಮಕ್ಕಳ ಟೂರ್ನಿ ನಡೆಯುತ್ತಿತ್ತು. ಹನ್ನೊಂದು ವರ್ಷದ ಹುಡುಗಿಗೆ ಹಿಜಾಬ್ ತೆಗೆ, ಇಲ್ಲವೇ ಹೊರನಡೆ ಎಂದು ರೆಫರಿ ಹೇಳಿದರು. ಅವಳ ತಂಡವೇ ಟೂರ್ನಿಯಿಂದ ಹೊರನಡೆಯಿತು, ಜೊತೆಗೆ ಇನ್ನೂ ಕೆಲವು ತಂಡಗಳೂ ಹೋದವು. ವಿಷಯ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿಯವರೆಗೆ ಹೋಯಿತು, ಆಗ ಮಂಡಳಿಯೂ ರೆಫರಿಯ ಪರವಾಗಿಯೇ ನಿಂತಿತು. 2012ರಲ್ಲಿ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿ, 2014ರಲ್ಲಿ ತಲೆವಸ್ತ್ರ ಅಧಿಕೃತವಾಗಿ ನಿಯಮದೊಳಗೆ ಬಂದಿತು. ನಡುವೆ 2013ರಲ್ಲಿ ಅದೇ ಕ್ವಿಬೆಕ್‌ನಲ್ಲಿ ಪೇಟ ಧರಿಸುವ ಸಿಖ್ ಮಕ್ಕಳನ್ನು ಆಟದಿಂದ ದೂರವಿಟ್ಟರು. ಕೆನಡಾದ ರಾಷ್ಟ್ರೀಯ ಸಂಸ್ಥೆ ಪ್ರಾಂತ್ಯದ ಸಂಸ್ಥೆಯನ್ನೇ ಅಮಾನತು ಮಾಡಿತು, ಫಿಫಾ ಪೇಟಕ್ಕೆ ಒಪ್ಪಿಗೆ ಕೊಟ್ಟ ಮೇಲೆ ನಿಷೇಧ ಬಿದ್ದುಹೋಯಿತು.

ಏಳು ವರ್ಷ. 2007ರಲ್ಲಿ ಹನ್ನೊಂದಾಗಿದ್ದ ಹುಡುಗಿಗೆ ನಿಯಮ ಬದಲಾಗುವಾಗ ಹದಿನೆಂಟು. ಬೆಲೆ ಯಾರು ತೆತ್ತರು ಎಂದು ಕೇಳಿದರಲ್ಲ ಅಮ್ಮನವರು, ಇಲ್ಲಿ ತೆತ್ತವಳು ಅವಳು. ಅವಳು ಹಾಗೆಯೇ ಆಡಿದ್ದರೆ ಯಾರೂ ಬೆಲೆ ತೆರಬೇಕಿರಲಿಲ್ಲ.

ಗೆರೆ ಕಾಯುವವ

ಇದಕ್ಕೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ಆ ರೆಫರಿ ತನಗೆ ಕೊಟ್ಟ ಸೂಚನೆಯಂತೆ ನಡೆದರು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸುತ್ತಿದ್ದೇನೆ. ಬಟ್ಟೆಯ ಅಂಚು, ಪಿನ್ನು ಚುಚ್ಚುವಂತಿದೆಯೇ, ಕುತ್ತಿಗೆಗೆ ಬಿಗಿಯಾಗಬಹುದೇ ಎಂದು ನೋಡಿ, ಅಪಾಯವಿಲ್ಲದಿದ್ದರೆ ಆಡಲು ಬಿಟ್ಟು ವರದಿಯಲ್ಲಿ ಬರೆಯುತ್ತಿದ್ದೆ ಎಂದುಕೊಳ್ಳುತ್ತೇನೆ. ನಿಯಮದ ಉದ್ದೇಶ ಸುರಕ್ಷತೆಯಾದ ಮೇಲೆ ಸುರಕ್ಷತೆಯನ್ನೇ ನೋಡಬೇಕು. ನಿಮ್ಮ ಮಾತು ನಾಟಿತು ಸರ್.

ಹೊಸ ರೆಫರಿ

ನಮಸ್ಕಾರ. ನನಗೆ ಹದಿನಾರು ವರ್ಷ. ಈ ಋತುವಿನಲ್ಲಿ ಸೀಟಿ ಹಿಡಿದಿದ್ದೇನೆ. ಹಿರಿಯರ ಮಾತಿನ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ.

ನೀವೆಲ್ಲ ಮಕ್ಕಳ ಮೇಲಿನ ಕರುಣೆಯ ಬಗ್ಗೆ ಬರೆಯುತ್ತಿದ್ದೀರಿ. ಗೆರೆಯ ಪಕ್ಕದಿಂದ ನನಗೆ ಬೈಯುವವರು ಯಾರೂ ಮಕ್ಕಳಲ್ಲ. ಹಿಂದಿನ ಪಂದ್ಯದಲ್ಲಿ ಒಬ್ಬ ತಂದೆ ಮೊದಲಿನಿಂದ ಕೊನೆಯವರೆಗೆ ನನ್ನ ಜೊತೆಗೇ ಗೆರೆಯುದ್ದಕ್ಕೂ ನಡೆದು ಬಂದು ಪ್ರತಿ ತೀರ್ಪಿಗೂ "ಕಣ್ಣಿಲ್ಲವೇ?" ಎನ್ನುತ್ತಿದ್ದರು. ಅವರ ಮಗ ಎರಡು ಸಲ ನನ್ನ ಹತ್ತಿರ ಬಂದು, ಮೆಲ್ಲಗೆ, "ಅಪ್ಪನ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ ಅಣ್ಣಾ" ಎಂದ. ಆ ಮಗು ಆಟ ಬಿಟ್ಟು ನನ್ನನ್ನು ಸಮಾಧಾನ ಮಾಡುತ್ತಿತ್ತು. ನಾನು ಅಲ್ಲಿ ಏನು ಮಾಡಬೇಕಿತ್ತು?

ಸೀಟಿ ಹಿಡಿದವಳು

ತಮ್ಮಾ, ಕ್ಷಮೆ ಕೇಳಬೇಡ. ಈ ಚರ್ಚೆಯಲ್ಲಿ ಮೊದಲೇ ಬರಬೇಕಾಗಿದ್ದ ಮಾತು ನಿನ್ನದು.

ಆಟ ನಿಲ್ಲಿಸು. ಚೆಂಡು ಹೊರಗೆ ಹೋದಾಗ ಸೀಟಿ ಊದಿ, ಆ ತಂಡದ ಕೋಚ್ ಅನ್ನು ಕರೆದು, "ಇವರನ್ನು ಗೆರೆಯಿಂದ ದೂರ ಕಳುಹಿಸಿ, ಆ ಮೇಲೆ ಆಟ ಮುಂದುವರಿಯುತ್ತದೆ" ಎಂದಷ್ಟೇ ಹೇಳು. ಆ ತಂದೆಯ ಜೊತೆ ನೀನು ಮಾತಿಗೆ ಇಳಿಯಬೇಡ. ಕೇಳದಿದ್ದರೆ ಪಂದ್ಯ ತಡೆಹಿಡಿಯುವ, ನಿಲ್ಲಿಸಿಬಿಡುವ ಅಧಿಕಾರ 5ನೇ ನಿಯಮದಲ್ಲಿ ನಿನಗೆ ಇದೆ, ಮೂವತ್ತು ವರ್ಷದ ರೆಫರಿಗೆ ಇರುವಷ್ಟೇ. ಕೋಚ್ ಬೈದರೆ 2019ರಿಂದ ಅವರಿಗೂ ಹಳದಿ, ಕೆಂಪು ಕಾರ್ಡ್ ತೋರಿಸಬಹುದು. ಬೆಂಚಿನಿಂದ ಕೂಗಿದವರು ಯಾರೆಂದು ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೆ ಕಾರ್ಡ್. ಪಂದ್ಯ ಮುಗಿದ ದಿನವೇ ವರದಿ ಬರೆ, ಅವರು ಆಡಿದ ಮಾತುಗಳನ್ನು ಇದ್ದಂತೆಯೇ ಬರೆ.

ದೊಡ್ಡವರ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. 2012ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಆಲ್ಮೇರೆಯಲ್ಲಿ ತನ್ನ ಮಗನ ತಂಡದ ಪಂದ್ಯಕ್ಕೆ ಲೈನ್ಸ್‌ಮನ್ ಆಗಿ ಬಾವುಟ ಹಿಡಿದಿದ್ದ ತಂದೆಯೊಬ್ಬರನ್ನು ಎದುರು ತಂಡದ ಹದಿಹರೆಯದ ಆಟಗಾರರು ಮತ್ತು ಅವರಲ್ಲೊಬ್ಬನ ತಂದೆ ಹೊಡೆದರು. ಮರುದಿನ ಅವರು ತೀರಿಕೊಂಡರು. ಆ ವಾರಾಂತ್ಯ ದೇಶದ ಹವ್ಯಾಸಿ ಪಂದ್ಯಗಳನ್ನೆಲ್ಲ ರದ್ದು ಮಾಡಿದರು. ಹೊಡೆದವರಲ್ಲಿ ಹೆಚ್ಚಿನವರು ಹುಡುಗರು, ನಿಜ. ಆದರೆ ಬಾವುಟ ಹಿಡಿದವರನ್ನು ಬೈಯಬಹುದು ಎಂದು ಹುಡುಗರು ಕಲಿಯುವುದು ಗೆರೆಯ ಹೊರಗೆ ನಿಂತವರಿಂದ. ಇಂಗ್ಲೆಂಡಿನಲ್ಲಿ ಹದಿನೆಂಟು ತುಂಬದ ರೆಫರಿಗಳಿಗೆ ಬೇರೆ ಬಣ್ಣದ ತೋಳುಪಟ್ಟಿ ಕೊಡುವ ಕಡೆಗಳಿವೆ. ಸೀಟಿ ಹಿಡಿದಿರುವುದೂ ಒಂದು ಮಗುವೇ ಎಂದು ನೋಡುವವರಿಗೆ ತಿಳಿಯಲಿ ಎಂದು.

ಗೆರೆ ಕಾಯುವವ

ಪ್ರತಿ ಅಕ್ಷರವನ್ನೂ ಒಪ್ಪುತ್ತೇನೆ. ತಮ್ಮಾ, ಮುಂದಿನ ಪಂದ್ಯಕ್ಕೆ ಒಬ್ಬ ಹಿರಿಯ ರೆಫರಿಯನ್ನು ಪಕ್ಕದಲ್ಲಿ ನಿಲ್ಲಲು ಕೇಳಿಕೋ. ಕೇಳುವುದು ನಾಚಿಕೆಯ ವಿಷಯವಲ್ಲ.

ಮೈದಾನದ ಡಾಕ್ಟರ್

ತಡವಾಗಿ ಬಂದಿದ್ದೇನೆ. ಒಂದೇ ವಿಷಯ ಸೇರಿಸುತ್ತೇನೆ, ಅದರಲ್ಲಿ ಬಿಗಿಯೇ ಕರುಣೆ.

ತಲೆಗೆ ಪೆಟ್ಟು ಬಿದ್ದ ಮಗುವನ್ನು "ಆಡುತ್ತೀಯಾ?" ಎಂದು ಕೇಳಬೇಡಿ. ಆಡುತ್ತೇನೆ ಎಂದೇ ಹೇಳುತ್ತದೆ. ಗೆಳೆಯರು ನೋಡುತ್ತಿರುತ್ತಾರೆ, ಅಪ್ಪ ನೋಡುತ್ತಿರುತ್ತಾರೆ, ಬಿಟ್ಟರೆ ಜಾಗ ಹೋದೀತೆಂಬ ಭಯ. ನಾನು ನೋಡುವುದು ಕಣ್ಣು, ನಡಿಗೆ, ಮಾತು. ಈಗ ಯಾವ ಅರ್ಧ, ಕೊನೆಯ ಗೋಲು ಯಾರು ಹೊಡೆದರು ಎಂದು ಕೇಳುತ್ತೇನೆ. ಉತ್ತರ ತಡವಾದರೂ, ಮಗು ಎದ್ದು ನಿಂತಾಗ ಒಂದು ಕ್ಷಣ ತೂರಾಡಿದರೂ ಆ ದಿನದ ಆಟ ಮುಗಿಯಿತು. ಉತ್ತರಗಳೆಲ್ಲ ಸರಿಯಿದ್ದು ಮನಸ್ಸಿಗೆ ಅನುಮಾನ ಉಳಿದಿದ್ದರೂ ಅಷ್ಟೇ. ಮಿದುಳು ಅಲುಗಿದ ಲಕ್ಷಣ ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ. ಅದು ವಾಸಿಯಾಗುವ ಮೊದಲು ಮತ್ತೊಂದು ಪೆಟ್ಟು ಬಿದ್ದರೆ ಎಳೆಯರಿಗೆ ಅಪಾಯ ಹೆಚ್ಚು.

ಸಣ್ಣ ಗಾಯವಾದರೆ ಚೆಂಡು ಹೊರಹೋಗುವವರೆಗೆ ಆಟ ಸಾಗಲಿ, ಗಂಭೀರವಾದರೆ ನಿಲ್ಲಿಸಿ ಎನ್ನುತ್ತದೆ ನಿಯಮ. ಗಂಭೀರವೋ ಅಲ್ಲವೋ ಎಂಬುದು ರೆಫರಿಯ ಅಭಿಪ್ರಾಯಕ್ಕೆ ಬಿಟ್ಟಿದ್ದು. ಮಗು ತಲೆ ಹಿಡಿದುಕೊಂಡಿದ್ದರೆ ಅದು ಗಂಭೀರ ಎಂದೇ ಇಟ್ಟುಕೊಳ್ಳಿ. ಎದುರು ತಂಡ ಗೋಲಿನ ಮುಂದೆ ಇದ್ದರೂ ಸೀಟಿ ಊದಿ. ಹೆಡ್ಡಿಂಗ್, ಅಂದರೆ ಚೆಂಡನ್ನು ತಲೆಯಿಂದ ಹೊಡೆಯುವ ವಿಷಯದಲ್ಲಿ ದೊಡ್ಡ ಸಂಸ್ಥೆಗಳೇ ಎಚ್ಚೆತ್ತಿವೆ. ಅಮೆರಿಕದಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನವರಿಗೆ ಹೆಡ್ಡಿಂಗ್ ಬೇಡ ಎಂಬ ತೀರ್ಮಾನ 2015ರಲ್ಲಿ ಬಂದಿತು. ಇಂಗ್ಲೆಂಡ್ 2022ರಲ್ಲಿ ಪ್ರಯೋಗ ಆರಂಭಿಸಿ, 2024-25ರಿಂದ ಚಿಕ್ಕ ವಯೋಮಾನಗಳ ಪಂದ್ಯಗಳಲ್ಲಿ ಅದನ್ನು ಹಂತಹಂತವಾಗಿ ತೆಗೆಯುತ್ತಿದೆ.

ಎದುರು ತಂಡದ ಅಮ್ಮ

ಡಾಕ್ಟರ್, ಇದನ್ನು ನಮ್ಮ ಪೋಷಕರ ಗುಂಪಿಗೆ ಕಳುಹಿಸುತ್ತೇನೆ.

ಹತ್ತನೇ ನಂಬರ್

ಹದಿನಾಲ್ಕು, ಹದಿನೈದರ ಹುಡುಗರ ಬಗ್ಗೆ ಯಾರೂ ಬರೆದಿಲ್ಲ. ಅಲ್ಲಿ ಸಮಸ್ಯೆ ಥ್ರೋ-ಇನ್ ಅಲ್ಲ, ನಾಲಿಗೆ. ಹಳದಿ ಕಾರ್ಡಿಗೆ ಅವರು ಹೆದರುವುದಿಲ್ಲ, ಕೆಂಪು ಕೊಟ್ಟರೆ ಬಾಗಿಲು ಮುಚ್ಚಿದಂತೆ.

ನನಗೆ ಸರಿ ಕಂಡದ್ದು ತಾತ್ಕಾಲಿಕವಾಗಿ ಹೊರಗೆ ಕೂರಿಸುವ ಪದ್ಧತಿ. ಇಂಗ್ಲೆಂಡಿನ ತಳಮಟ್ಟದ ಪಂದ್ಯಗಳಲ್ಲಿ 2019-20ರಿಂದ ರೆಫರಿಯ ಮೇಲೆ ಬಾಯಿ ಮಾಡಿದ್ದಕ್ಕೆ ಇದನ್ನು ತಂದಿದ್ದಾರೆ, 90 ನಿಮಿಷದ ಪಂದ್ಯವಾದರೆ 10 ನಿಮಿಷ ಹೊರಗೆ. ನಾವು ಒಂದು ಸ್ನೇಹ ಟೂರ್ನಿಯಲ್ಲಿ ಇದೇ ಬಗೆಯನ್ನು ಅನುಸರಿಸಿದೆವು. ಒಬ್ಬ ಹುಡುಗ ಕೆಂಡಾಮಂಡಲವಾಗಿ ಹೊರಗೆ ಬಂದು ನೀರಿನ ಬಾಟಲಿಯನ್ನು ನೆಲಕ್ಕೆ ಬಡಿದ. ಅವನಿಲ್ಲದ ಜಾಗದಲ್ಲಿ ಗೆಳೆಯ ಇಬ್ಬರ ಓಟ ಓಡಿ ಏದುಸಿರು ಬಿಡುವುದನ್ನು ನೋಡುತ್ತಾ ಕುಳಿತ. ಅವಧಿ ಮುಗಿಯುವ ಮೊದಲೇ ಎದ್ದು ನಿಂತು ಸಾಕ್ಸ್ ಸರಿಮಾಡಿಕೊಂಡು ಗೆರೆಯ ಬಳಿ ಕಾಯುತ್ತಿದ್ದ. ಒಳಗೆ ಹೋದ ಮೇಲೆ ಅವನು ಒಂದು ಮಾತನ್ನೂ ಆಡಲಿಲ್ಲ. ತಪ್ಪಿಗೆ ಶಿಕ್ಷೆ ಅದೇ ಪಂದ್ಯದಲ್ಲಿ ಸಿಕ್ಕಿತು, ಅದೇ ಪಂದ್ಯದಲ್ಲಿ ಮರಳುವ ದಾರಿಯೂ ಸಿಕ್ಕಿತು.

ಚಿಣ್ಣರ ಕೋಚ್

ಇದು ನಮ್ಮ ಲೀಗ್‌ಗೂ ಬರಬೇಕು. ಗೆರೆ ಕಾಯುವವರೇ, ಇದನ್ನಾದರೂ ಒಪ್ಪುತ್ತೀರಾ?

ಗೆರೆ ಕಾಯುವವ

ಸ್ಪರ್ಧೆಯ ನಿಯಮಾವಳಿಯಲ್ಲಿ ಬರೆದಿದ್ದರೆ ಒಪ್ಪುತ್ತೇನೆ. ಬರೆಯದೆ ಮಾಡಿದರೆ ಇಲ್ಲ.

ಸೀಟಿ ಹಿಡಿದವಳು

ಬರೆಸೋಣ. ಮುಂದಿನ ಸಭೆಗೆ ನಮ್ಮ ಲೀಗ್‌ಗೆ ಕೊಡಲು ಒಂದು ಮನವಿ ಸಿದ್ಧಪಡಿಸುತ್ತಿದ್ದೇನೆ. ಹತ್ತು ವರ್ಷದೊಳಗಿನವರಿಗೆ ಪ್ರತಿ ಆಟಗಾರರ ಮೊದಲ ತಪ್ಪು ಥ್ರೋ-ಇನ್‌ಗೆ ಮರು ಎಸೆತ, ಎರಡೂ ತಂಡಕ್ಕೆ ಸಮಾನವಾಗಿ. ಹದಿಮೂರು ದಾಟಿದವರಿಗೆ ಬಾಯಿಜೋರಿಗೆ ತಾತ್ಕಾಲಿಕವಾಗಿ ಹೊರಗೆ. ಪೋಷಕರಿಗೆ ಗೆರೆಯಿಂದ ದೂರದಲ್ಲಿ ಇನ್ನೊಂದು ಗೆರೆ. ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ಆ ದಿನ ಮರಳುವಂತಿಲ್ಲ, ಕೋಚ್ ಒತ್ತಾಯಕ್ಕೂ ಅವಕಾಶವಿಲ್ಲ. ಪಂದ್ಯಕ್ಕೆ ಮೊದಲು ರೆಫರಿ ಇಬ್ಬರು ಕೋಚ್‌ಗಳನ್ನು ಕರೆದು ಇವನ್ನೆಲ್ಲ ಓದಿ ಹೇಳಬೇಕು, ಮಕ್ಕಳೂ ಸುತ್ತ ನಿಂತು ಕೇಳಬೇಕು.

ಉಳಿದದ್ದು ತೀರ್ಪು ಕೊಡುವ ರೀತಿ. ಅದಕ್ಕೆ ಯಾವ ಸಭೆಯ ಒಪ್ಪಿಗೆಯೂ ಬೇಕಿಲ್ಲ. ಸೀಟಿ ಊದಿದ ಮೇಲೆ ಮಗುವಿನ ಹತ್ತಿರ ಹೋಗಿ, ಏನು ತಪ್ಪಾಯಿತು ಎಂದು ಅದರ ಎತ್ತರಕ್ಕೆ ಬಗ್ಗಿ ಒಂದು ವಾಕ್ಯದಲ್ಲಿ ಹೇಳಬಹುದು. ದೂರದಿಂದ ಕೈ ಬೀಸಿ ಗದರಿದರೆ ತೀರ್ಪು ಅದೇ ಆದರೂ ಮಗು ಮನೆಗೆ ಒಯ್ಯುವುದು ಗದರಿಕೆಯನ್ನು.

ಗೆರೆ ಕಾಯುವವ

ಮನವಿಗೆ ನನ್ನ ಸಹಿಯನ್ನೂ ಸೇರಿಸಿಕೊಳ್ಳಿ. ಒಂದು ತಿದ್ದುಪಡಿ: ಮರು ಎಸೆತ ಲೀಗ್ ಪಂದ್ಯಗಳಿಗಷ್ಟೇ ಇರಲಿ. ಫೈನಲ್‌ಗೆ ಬರುವ ಹೊತ್ತಿಗೆ ಕಲಿತಿರಬೇಕು.

ಚಿಣ್ಣರ ಕೋಚ್

ಫೈನಲ್‌ಗೂ ಇರಲಿ ಎನ್ನುತ್ತೇನೆ ಸರ್. ಮಕ್ಕಳು ಹೆಚ್ಚು ಹೆದರುವುದು ಅಲ್ಲಿಯೇ. ಸಭೆಯಲ್ಲಿ ಇದರ ಬಗ್ಗೆ ನಿಮ್ಮೊಡನೆ ವಾದಿಸುತ್ತೇನೆ.

ಹೊಸ ರೆಫರಿ

ಈ ಶನಿವಾರ ಒಂಬತ್ತು ವರ್ಷದವರ ಪಂದ್ಯವಿದೆ. ಗೋಲ್‌ಕೀಪರ್ ಚೆಂಡು ಹಿಡಿದು ಯಾರಿಗೆ ಎಸೆಯಲಿ ಎಂದು ನೋಡುತ್ತಲೇ ಇರುತ್ತಾಳೆ. 2025ರ ಹೊಸ ನಿಯಮದಂತೆ ಎಂಟು ಸೆಕೆಂಡ್ ಮೀರಿದರೆ ಎದುರು ತಂಡಕ್ಕೆ ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಕಿಕ್) ಕೊಡಬೇಕಲ್ಲವೇ?

ಸೀಟಿ ಹಿಡಿದವಳು

ಹೌದು. ಹಿಂದೆ ಆರು ಸೆಕೆಂಡ್ ಮೀರಿದರೆ ಪರೋಕ್ಷ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಕಿಕ್) ಇತ್ತು, ಹೆಚ್ಚಿನವರು ಕೊಡುತ್ತಲೇ ಇರಲಿಲ್ಲ. ಈಗ ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳುಗಳಿಂದ ಎಣಿಸಿ ತೋರಿಸಬೇಕು. ನಿಮ್ಮ ಲೀಗ್ ಆ ವಯಸ್ಸಿಗೆ ಅದನ್ನು ತಂದಿದೆಯೇ ಎಂದು ಮೊದಲು ಕೇಳು. ತಂದಿದ್ದರೆ ಆಟಕ್ಕೆ ಮೊದಲು ಇಬ್ಬರು ಗೋಲ್‌ಕೀಪರ್‌ಗಳನ್ನೂ ಕರೆದು ಕೈ ಎತ್ತಿ ಎಣಿಸಿ ತೋರಿಸು. ಪಂದ್ಯದಲ್ಲಿ ಬೆರಳಿನ ಜೊತೆಗೆ ಬಾಯಿಬಿಟ್ಟೂ ಎಣಿಸು, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ. ಮೂರು ಎನ್ನುವಷ್ಟರಲ್ಲಿ ಚೆಂಡು ಬಿಟ್ಟಿರುತ್ತಾಳೆ.